ಮೂರು ಸಂಜೆ, ಒಂದೇ ಬಿಕ್ಕು

ತುಂಗಭದ್ರೆಯ ದಂಡೆಯ ಮೇಲೆ ಅಂದಾನಪ್ಪ ಮಾಸ್ತರರ ಎರಡು ಕೋಣೆಯ ಮನೆ. ಊರವರು ಅದನ್ನು ಆಶ್ರಮ ಅನ್ನುತ್ತಾರೆ. ಅವರೆದುರಿಗೆ ಹಾಗಂದು ನೋಡಿ, ಬೈಗುಳ ತಪ್ಪಿದ್ದಲ್ಲ.

ಅವರು ಸನ್ಯಾಸಿಯಲ್ಲ, ಶಾಲೆ ಮಾಸ್ತರರೂ ಅಲ್ಲ. ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಡಿದವರು, ಅತ್ತವರು, ಸತ್ತವರು. ಜನ 'ಒನ್ಸ್ ಮೋರ್' ಅಂತ ಕೂಗಿದರೆ ಸತ್ತಲ್ಲಿಂದಲೇ ಎದ್ದು, ಧೂಳು ಕೊಡವಿ, ಹಾಡನ್ನು ಮತ್ತೊಮ್ಮೆ ಹಾಡಿ, ಪುನಃ ಸತ್ತವರು. ಮೈಯಲ್ಲಿ ಕಸುವು ಕಡಿಮೆಯಾದ ಮೇಲೆ ಹೊಳೆ ದಂಡೆಗೆ ಬಂದು ಕೂತರು. ಜೊತೆಗೆ ತಂಗಿ ಕಲ್ಲವ್ವ, ಅಡುಗೆಗೂ ಜಗಳಕ್ಕೂ.

ಕಲಿಯಲಿಕ್ಕೆ ಬಂದವರಿಗೆ ಮಾಸ್ತರರು ಕಲಿಸುತ್ತಿದ್ದರು. ಮೊದಲ ವರ್ಷ ಹಾಡಿಲ್ಲ, ಬರೀ ನಡಿಗೆ. ಪರದೆಯ ಸಂದಿಯಿಂದ ರಂಗದ ನಡುವಿಗೆ ಬರುವುದು ಹೇಗೆ, ಬಂದು ನಿಲ್ಲುವುದು ಹೇಗೆ. ಎಷ್ಟೋ ಮಂದಿ ಆ ವರ್ಷದಲ್ಲೇ ಓಡಿಹೋದರು.

ಓಡದೆ ಉಳಿದವನು ಇಂದೂಧರ. ಏಳು ವರ್ಷ ಇದ್ದು ಕಲಿತ. ಆಮೇಲೆ ಬೆಂಗಳೂರು ಸೇರಿದ. ಅಲ್ಲೊಂದು ನೈಟ್ ಕ್ಲಬ್ಬಿನಲ್ಲಿ ನಿಧಾನದ ಪ್ರೇಮಗೀತೆ, ವಿರಹಗೀತೆ ಹಾಡುತ್ತ ಹಾಡುತ್ತ ದೊಡ್ಡ ಹೆಸರು ಮಾಡಿದ. ಒಂಬತ್ತು ವರ್ಷ ಗುರುವಿನ ಕಡೆ ತಲೆ ಹಾಕಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಬಂದ. ಹೆಗಲಿಗೆ ಒಂದು ಚೀಲ, ಮುಖದಲ್ಲಿ ನಾಲ್ಕು ದಿನದ ಗಡ್ಡ.

ಮಾಸ್ತರರು ಕಟ್ಟೆಯ ಮೇಲೆ ಕೂತು ಉಗುರು ತೆಗೆಯುತ್ತಿದ್ದರು.

"ಯಾರದು?"

"ನಾನ್ರಿ ಮಾಸ್ತರ, ಇಂದೂಧರ."

"ಯಾವ ಇಂದೂಧರ? ನನ್ನ ಕಡೆ ಒಬ್ಬ ಇದ್ದ. ಅಂವ ಹೋಗಿ ಒಂಬತ್ತು ವರ್ಷ ಆತು. ತಿಥೀನೂ ಮಾಡಿ ಮುಗಿಸೀನಿ."

ಒಳಗಿಂದ ಕಲ್ಲವ್ವ ಗದರಿದಳು. "ಬಂದ ಹುಡುಗನ್ನ ಕುಂದ್ರು ಅನ್ನೂದ ಬಿಟ್ಟು ಎಂಥಾ ಮಾತು ಆಡ್ತೀ ಅಣ್ಣಾ!" ಆ ಹುಡುಗನಿಗೆ ಆಗಲೇ ಮೂವತ್ತೆಂಟು ವರ್ಷ. ಕಲ್ಲವ್ವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಇಂದೂಧರ ಕಾಲಿಗೆ ಬಿದ್ದ. ಎದ್ದು ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಕುಡಿಯೋರ ಮುಂದ ಹಾಡ್ತೀನ್ರಿ. ಯಾವ ಮುಖ ಹೊತ್ತು ನಿಮ್ಮ ಮುಂದ ಬರ್ಲಿ ಅಂತ ಬರ್ಲಿಲ್ಲ."

"ಅಯ್ಯ, ನಮ್ಮ ಕಂಪನಿ ಟೆಂಟಿಗೆ ಬರೋರು ತೀರ್ಥ ಕುಡದು ಬರತಿದ್ರೇನ?" ಅಂದರು ಮಾಸ್ತರರು. "ಅದಿರ್ಲಿ. ಅಲ್ಲಿ ಏನೇನ ಮಾಡ್ತಿ, ಹೇಳು."

ಇಂದೂಧರ ತಲೆ ತಗ್ಗಿಸಿ ಹೇಳಿದ. ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ಒಂದೊಂದೇ ಹೇಳಿದ. ಮಿರಿಮಿರಿ ಮಿಂಚುವ ಕೋಟು ಹಾಕುತ್ತೇನೆ. ಹಾಡಿನ ನಡುವೆ ಟೇಬಲ್ಲುಗಳ ಮಧ್ಯೆ ಇಳಿದು ಹೋಗುತ್ತೇನೆ. ಯಾರಾದರೂ ವಯಸ್ಸಾದವರ ಮುಂದೆ ಮೊಣಕಾಲೂರಿ ಗುಲಾಬಿ ಕೊಡುತ್ತೇನೆ.

"ಗುಲಾಬಿ ಯಾವ ಕೈಯಾಗ?"

"ಎಡಗೈಯಾಗ್ರಿ."

"ಬೆಳಕು?"

"ಬಲಗಡಿಂದ ಬರ್ತೈತ್ರಿ."

"ಹಂಗಾದ್ರ ಸರಿ. ಬಲಗೈ ಎತ್ತಿದ್ದರ ಮುಖದ ಮ್ಯಾಲ ನೆರಳು ಬೀಳತಿತ್ತು." ಮಾಸ್ತರರು ಮತ್ತೊಂದು ಉಗುರಿಗೆ ಕೈ ಹಾಕಿದರು. "ಕಲಿಸಿದ್ದು ಮರತಿಲ್ಲ. ಮುಂದ?"

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದವನು ಇಂದೂಧರ. ಈ ಮಾತು ಕೇಳಿ ಅವನಿಗೆ ಇನ್ನೂ ಸಂಕಟವಾಯಿತು.

"ಮಾಸ್ತರ, ನನ್ನದೊಂದು ಆಲ್ಬಂ ಬರೂದೈತ್ರಿ. ಸ್ಟುಡಿಯೋದಾಗ ಹಾಡಿದ್ದಲ್ಲ, ಕ್ಲಬ್ಬಿನ್ಯಾಗ ಜನರ ಮುಂದ ಹಾಡಿದ್ದು. ಲೈವ್. ಮೂರು ಸಂಜಿ ಒಂದರ ಬೆನ್ನಿಗೆ ಒಂದು ರೆಕಾರ್ಡ್ ಮಾಡಿದ್ರು. ಮೂರರಾಗ ಚಲೋ ಬಂದದ್ದು ಆರಿಸಿ ಹಾಕೂದು. ನಾಡಿದ್ದು ಶನಿವಾರ ಅದೇ ಕ್ಲಬ್ಬಿನ್ಯಾಗ ಬಿಡುಗಡೆ."

"ಸಂತೋಷ. ಮುಖ ಯಾಕ ಹಿಂಗ?"

"ಬ್ಯಾಡ ಅಂತ ಹೇಳೋನದೀನ್ರಿ. ಆಲ್ಬಮ್ಮೂ ಬ್ಯಾಡ, ಹಾಡೂದೂ ಬ್ಯಾಡ. ಇವತ್ತು ಸಂಜಿಯೊಳಗ ಫೋನ್ ಮಾಡಿ ಹೇಳ್ತೀನಿ ಅಂದೀನಿ."

ಮಾಸ್ತರರು ಉಗುರು ತೆಗೆಯುವುದನ್ನು ನಿಲ್ಲಿಸಿದರು.

ಇಂದೂಧರನಿಗೆ ಹೆಸರು ತಂದ ಹಾಡು ಒಂದಿದೆ. ಅವನೇ ಬರೆದದ್ದು. ಅದರ ಕಡೆಯ ನುಡಿಯಲ್ಲಿ, 'ಹೋಗುವಾಗ ಒಂದು ಮಾತು ಹೇಳಿ ಹೋಗಬಾರದಿತ್ತೆ' ಅಂತ ಬರುತ್ತದೆ. 'ಒಂದು ಮಾತು' ಅಂದ ಮೇಲೆ ಅವನ ಗಂಟಲು ಬಿರಿಯುತ್ತದೆ. ಒಂದು ಬಿಕ್ಕು. ಆಮೇಲೆ ಉಳಿದ ಸಾಲು. ಆ ಬಿಕ್ಕಿಗಾಗಿಯೇ ಜನ ಎರಡೆರಡು ಸಲ ಬರುತ್ತಾರೆ.

"ರೆಕಾರ್ಡಿಂಗ್ ನೋಡಿಕೊಳ್ಳೋರು ಐರಿನ್ ಅಂತ ಒಬ್ರು ಇದ್ದಾರ್ರಿ," ಅಂದ ಇಂದೂಧರ. "ಮೂರೂ ಸಂಜೀದನ್ನ ಕಂಪ್ಯೂಟರಿನ್ಯಾಗ ಒಂದರ ಕೆಳಗ ಒಂದು ಇಟ್ಟು ತೋರಿಸಿದ್ರು. ಹಾಡು ಗೆರಿ ಗೆರಿ ಆಗಿ ಕಾಣ್ತೈತಿ. ಮೂರೂ ಸಂಜಿ ಬಿಕ್ಕು ಒಂದೇ ಕಡೆ ಐತ್ರಿ. ಅಷ್ಟೇ ಎತ್ತರ, ಅಷ್ಟೇ ಉದ್ದ. ಮೂರನ್ನೂ ಒಂದರ ಮ್ಯಾಲ ಒಂದು ಇಟ್ರು. ಕೂದಲೆಳಿ ಹೊರಗ ಬರಲಿಲ್ಲ."

"ಆ ಐರಿನ್ನವ್ವ ಏನಂದ್ಲು?"

"ನಕ್ಕರು. 'ಏನ್ ಸರ್ ನೀವು, ಯಾವ ದಿನದ್ದು ಹಾಕಿದ್ರೂ ಒಂದೇ, ಅದ್ಭುತ' ಅಂದ್ರು. ಖುಷಿಲೇ ಅಂದದ್ರಿ. ನನಗ ಮಾತ್ರ ಕೆನ್ನಿಗೆ ಹೊಡದಂಗ ಆತು."

ಹೊಳೆಯ ಕಡೆ ನೋಡುತ್ತ ಮುಂದಿನದನ್ನು ಹೇಳಿದ. ಗುರುವಿನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಮೊದಲನೇ ಸಲ ಅದು ತಾನಾಗಿ ಬಂದಿತ್ರಿ. ಮೂರು ವರ್ಷದ ಹಿಂದ, ಅವ್ವ ತೀರಿದ ಮರುವಾರ. ಅಕಿ ಹೋದಾಗ ನಾ ಹಾಡಲಿಕ್ಕೆ ಮುಂಬೈಗೆ ಹೋಗಿದ್ದೆ. ಬಾಯಿಗೆ ನೀರು ಬಿಡಲಿಲ್ಲ, ಮುಖ ನೋಡಲಿಲ್ಲ. ಆ ಸಾಲಿಗೆ ಬಂದಾಗ ಗಂಟಲು ಕಟ್ಟಿತು. ಜನ ಎದ್ದು ನಿಂತು ಚಪ್ಪಾಳಿ ಹೊಡದ್ರು. ಎರಡನೇ ಸಲಾನೂ ಬಂತು. ಮೂರನೇ ಸಲ ಬರಲಿಲ್ಲ. ನಾನೇ ತಂದೆ."

"ಹೂಂ."

"ಈಗ ಅವ್ವನ ನೆನಪೂ ಇಲ್ಲ, ಏನೂ ಇಲ್ರಿ. ಒಂದು, ಎರಡು, ಬಿಕ್ಕು. ಬರೀ ಎಣಿಕಿ. ಹೆತ್ತ ತಾಯಿ ಸಾವನ್ನ ಮಾರಿಕೊಂಡು ತಿಂದಂಗ ಆತಲ್ರಿ ಮಾಸ್ತರ!"

ಕಲ್ಲವ್ವ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಬಂದು ಬಾಗಿಲಲ್ಲಿ ಕೂತಳು. ಕಲ್ಲು ಆರಿಸತೊಡಗಿದಳು.

"ನನ್ನಿಂದ ಈಗ ಏನಾಗಬೇಕು?" ಮಾಸ್ತರರು ಕೇಳಿದರು.

"ಆಟ ಇಲ್ಲದ ಹಾಡು ಕಲಿಸ್ರಿ. ಬರೇ ಖರೇ ಹಾಡು. ಅದು ನನ್ನ ಹಣಿಯಾಗ ಇಲ್ಲ ಅಂದ್ರ ಇವತ್ತಿಗೇ ಬಿಟ್ಟುಬಿಡ್ತೀನಿ."

"ಅದೇನು ಬ್ರಹ್ಮವಿದ್ಯೆ! ಎರಡೂ ಕೈ ತೊಡಿ ಕೆಳಗ ಹಾಕಿ ಕುಂದ್ರು. ಕಣ್ಣು ಮುಚ್ಚು. ಬಿಕ್ಕು ಬ್ಯಾಡ, ನಗು ಬ್ಯಾಡ, ಕತ್ತು ಹೊರಳಿಸೂದು ಬ್ಯಾಡ. ಅದೇ ಹಾಡು ಹಾಡು."

ಇಂದೂಧರ ಹಾಗೇ ಕೂತು ಹಾಡಿದ. ಸ್ವರ ಒಂದೂ ತಪ್ಪಲಿಲ್ಲ. 'ಒಂದು ಮಾತು' ಬಂತು, ಹೋಯಿತು. ಗಂಟಲು ನೆಟ್ಟಗಿತ್ತು. ಹಾಡು ಮುಗಿದಾಗ ಅವನಿಗೆ ಎಷ್ಟೋ ವರ್ಷದ ಮೇಲೆ ಮೈ ತೊಳೆದುಕೊಂಡ ಹಾಗೆ ಅನಿಸಿತು.

ಕಣ್ಣು ಬಿಟ್ಟ. ಮಾಸ್ತರರು ಕಲ್ಲವ್ವನ ಮೊರದ ಕಡೆ ನೋಡುತ್ತಿದ್ದರು.

ಕಲ್ಲವ್ವ ಮೊರದಿಂದ ತಲೆ ಎತ್ತಿದಳು. "ಮುಗೀತೇನ ತಮ್ಮಾ? ಮೈಯಾಗ ಆರಾಮ ಇಲ್ಲೇನ? ತಡಿ, ಶುಂಠಿ ಹಾಕಿ ಚಹಾ ಇಡ್ತೀನಿ."

ಎದ್ದು ಒಳಗೆ ಹೋದಳು.

ಇಂದೂಧರನ ಮುಖ ಸಣ್ಣದಾಯಿತು. ಆದರೂ ಹಟ ಬಿಡಲಿಲ್ಲ. "ಇದು ಖರೇ ಹಾಡ್ರಿ," ಅಂದ.

"ಖರೇ ಅಂದ್ರ ಖರೇ. ಒಂದು ಮೊರ ಬ್ಯಾಳಿ ಸ್ವಚ್ಛ ಆತು."

ಇಂದೂಧರನಿಗೆ ಸಿಟ್ಟು ಬಂತು. ಗುರುವಿನ ಮೇಲೆ ಸಿಟ್ಟು ಮಾಡಬಾರದು ಅಂತಾರೆ, ಬಂದದ್ದನ್ನು ಏನು ಮಾಡುವುದು? "ನಾ ಇಲ್ಲಿ ಒದ್ದಾಡ್ತೀನಿ, ನಿಮಗ ಚ್ಯಾಷ್ಟಿ," ಅಂದುಬಿಟ್ಟ.

ಮಾಸ್ತರರು ನಗಲಿಲ್ಲ. "ಆ ಮೂರು ಸಂಜೀದು ತಂದೀಯೇನು?"

"ಫೋನಿನ್ಯಾಗ ಐತ್ರಿ."

"ಹಚ್ಚು. ಬಿಕ್ಕು ಬರೂ ಕಡೆ ಅಷ್ಟ ಸಾಕು."

ಇಂದೂಧರ ಚೀಲದಿಂದ ದೊಡ್ಡ ಹೆಡ್‌ಫೋನ್ ತೆಗೆದು ಗುರುವಿನ ಕಿವಿಗೆ ಇಟ್ಟ. ಮೊದಲನೆಯ ಸಂಜೆಯದನ್ನು ಹಾಕಿದ. ಮಾಸ್ತರರು ಕಣ್ಣು ಮುಚ್ಚಿದರು. ಕೈ ಎತ್ತಿ, ಮತ್ತೊಮ್ಮೆ ಅಂತ ಬೆರಳು ತಿರುಗಿಸಿದರು. ಹಾಗೆ ನಾಲ್ಕು ಸಲ ಕೇಳಿದರು. ಎರಡನೆಯ ಸಂಜೆಯದನ್ನು ನಾಲ್ಕು ಸಲ. ಮೂರನೆಯದನ್ನೂ ನಾಲ್ಕು ಸಲ. ಚಹಾ ಬಂದು ಆರಿಹೋಯಿತು.

ಕಿವಿ ಮುಚ್ಚಿದ್ದರಿಂದ ತಾವು ಒದರುತ್ತಿರುವುದು ಅವರಿಗೆ ಗೊತ್ತಾಗಲಿಲ್ಲ. "ಮೊದಲನೇ ದಿನ ಅಂವ ಯಾರು?" ಅಂತ ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದರು.

"ಯಾರ್ರಿ?"

"ಕೆಮ್ಮಿದಾಂವ! ಕೆಮ್ಮಲ್ಲ ಅದು. ಅಳು ಬಂದು, ಯಾರರೆ ನೋಡ್ಯಾರು ಅಂತ ಕೆಮ್ಮಿದಾಂವ."

ಇಂದೂಧರ ಹೆಡ್‌ಫೋನ್ ತೆಗೆದು ತನ್ನ ಕಿವಿಗೆ ಇಟ್ಟುಕೊಂಡ. ತನ್ನ ಬಿಕ್ಕು ಕೇಳಿತು. ಅದನ್ನು ನೂರು ಸಲ ಕೇಳಿದ್ದ. ಅದರ ಹಿಂದೆ, ದೂರದಲ್ಲಿ, ಗಂಡಸೊಬ್ಬ ಕೆಮ್ಮಿದ. ತಡೆದ. ಮತ್ತೆ ಕೆಮ್ಮಿದ.

"ಎರಡನೇ ದಿನದ್ದು ಕೇಳು," ಅಂದರು ಮಾಸ್ತರರು, ಈಗ ಮೆಲ್ಲಗೆ.

ಬಿಕ್ಕು. ಅದರ ಬೆನ್ನಿಗೆ ಯಾವುದೋ ಟೇಬಲ್ಲಿನಿಂದ ಹೆಂಗಸಿನ ಪಿಸುಮಾತು. 'ಅಮ್ಮಂಗೆ ಫೋನ್ ಮಾಡಿದ್ಯೇನೋ?'

"ಮೂರನೇದು."

ಬಿಕ್ಕು. ಒಂದು ಚಮಚ ನೆಲಕ್ಕೆ ಬಿದ್ದು ಠಣಠಣ ಅಂತ ಉರುಳಿತು. ಅದನ್ನು ಯಾರೂ ಎತ್ತಲಿಲ್ಲ. ಸಾಲು ಮುಗಿಯುವ ತನಕ ಇನ್ನೊಂದು ಸಪ್ಪಳ ಬರಲಿಲ್ಲ.

ಇಂದೂಧರ ಹೆಡ್‌ಫೋನನ್ನು ಕೊರಳಿಗೆ ಇಳಿಸಿ ಕೂತ. ನಾಲ್ಕು ದಿನ ಹಗಲೂ ರಾತ್ರಿ ಇದನ್ನೇ ಕೇಳಿದ್ದಾನೆ ಪುಣ್ಯಾತ್ಮ. ಒಂದು ಸಲವೂ ಇವು ಕಿವಿಗೆ ಬಿದ್ದಿರಲಿಲ್ಲ.

"ನಿನ್ನ ಅಳು ಮೂರು ದಿನಾನೂ ಒಂದೇ. ಅವರದ್ದು ಮೂರು ಬ್ಯಾರೆ ಬ್ಯಾರೆ," ಅಂದರು ಮಾಸ್ತರರು.

"ಆದ್ರ ಅವರದ್ದು ಖರೇ, ನನ್ನದು ಸುಳ್ಳು. ಸುಳ್ಳು ಕೊಟ್ಟು ಖರೇ ತಗೊಂಡಂಗ ಆತಲ್ರಿ. ಇದು ಮೋಸ ಅಲ್ಲೇನು?"

ಮಾಸ್ತರರು ಆರಿದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದರು. ಲೋಟ ಕೆಳಗಿಟ್ಟರು.

"ನನಗೂ ಒಮ್ಮೆ ನಿನ್ನ ರೋಗ ಬಂದಿತ್ತು," ಅಂದರು. "ಆಗ ನನಗ ಮೂವತ್ತೊಂದು. ಮಗಳನ್ನ ಹೊಳಿಗೆ ಕಳಕೊಂಡ ಅಪ್ಪನ ಪಾರ್ಟು. ಮೂರನೇ ಅಂಕದಾಗ ಎದಿ ಬಡಕೊಂಡು ಅಳಬೇಕು. ದಿನಾ ಅಳತಿದ್ದೆ. ಪ್ಯಾಟಿಯೊಳಗ ಒಬ್ಬ ಶಾಣ್ಯಾ ಪತ್ರಿಕೆದಾಗ ಬರದ: ಅಂದಾನಪ್ಪನವರ ಅಳು ಗೋಡೆ ಗಡಿಯಾರ ಇದ್ದಂತೆ, ಹೊತ್ತಿಗೆ ಸರಿಯಾಗಿ ಹೊಡೆಯುತ್ತದೆ ಅಂತ."

"ಆಮ್ಯಾಲ್ರಿ?"

"ಆಮ್ಯಾಲ ಏನು, ಮಾನ ಹೋದಂಗಾತು. ಇನ್ನ ಮ್ಯಾಲ ಖರೇ ಅಳು ಬಂದ್ರ ಅಳತೀನಿ, ಇಲ್ಲಾಂದ್ರ ಇಲ್ಲ ಅಂತ ಆಣಿ ಮಾಡಿದೆ. ಅವತ್ತು ಬರಲಿಲ್ಲ. ನಾ ಅಳಲಿಲ್ಲ. ಎದಿ ಮ್ಯಾಲ ಕೈ ಇಟ್ಟು, ನೆಟ್ಟಗ ನಿಂತು ಹಾಡಿದೆ. ಭಾಳ ಚಂದ ಹಾಡಿದೆ."

ಕಲ್ಲವ್ವ ಬಾಗಿಲಿಗೆ ಬಂದು ನಿಂತಿದ್ದಳು. ಈ ಕಥೆ ಅವಳಿಗೂ ಹೊಸದು ಅನ್ನುವುದು ಅವಳ ಮುಖದಲ್ಲಿ ಗೊತ್ತಾಗುತ್ತಿತ್ತು.

"ಹೆಂಗಸರ ಕಡೆ ಮುಂದಿನ ಚಾಪಿ ಮ್ಯಾಲ ಒಬ್ಬಾಕಿ ಕುಂದರತಿದ್ಲು. ಹನ್ನೊಂದು ದಿನದಿಂದ ದಿನಾ ಬರತಿದ್ಲು. ನಾಟಕದ ಹುಚ್ಚಿರಬೇಕು ಅಂತ ನಾವೆಲ್ಲ ನಗತಿದ್ವಿ. ಅವತ್ತೂ ಬಂದಿದ್ಲು. ನನ್ನ ಸಾಲು ಹತ್ರ ಬಂದಂಗ ಅಕಿ ಸೆರಗು ತಗೊಂಡು ಬಾಯಿಗೆ ಒತ್ತಿಕೊಂಡ್ಲು. ತಯಾರಾಗಿ ಕುಂತ್ಲು. ನಾ ನೋಡಿದೆ, ತಮ್ಮಾ. ಈ ಕಣ್ಣೀಲೇ ನೋಡಿದೆ. ಆ ಸಾಲು ಹೋತು, ನಾ ಅಳಲಿಲ್ಲ. ಅಕಿ ಅತ್ತಿತ್ತ ನೋಡಿದ್ಲು. ಮುಂದಿನ ಸಾಲೂ ಹೋತು. ಅಕಿ ಸೆರಗು ಇಳಿಸಿದ್ಲು. ಎದ್ದು, ಸೀರಿ ಜಾಡಿಸಿಕೊಂಡು, ಮಂದಿ ನಡುವ ದಾರಿ ಮಾಡಿಕೊಂಡು ಹೊರಗ ಹೋದ್ಲು."

ಮಾಸ್ತರರ ದನಿ ಒಡೆಯಲಿಲ್ಲ. ಪೂರ್ತಿ ನಿಂತೇ ಹೋಯಿತು. ಖಾಲಿ ಲೋಟ ಎತ್ತಿ, ಒಳಗೆ ನೋಡಿ, ಕೆಳಗಿಟ್ಟು ಮತ್ತೆ ಶುರು ಮಾಡಿದರು.

"ಗೇಟಿನ್ಯಾಗ ಟಿಕೆಟ್ ಹರಿಯಾವ ಆಮ್ಯಾಲ ಹೇಳಿದ. ಅಕಿ ಕೂಸು ಹೋಗಿ ಮೂರು ತಿಂಗಳಾಗಿತ್ತಂತ. ಮನಿಯಾಗ ಮೈದುನನ ಲಗ್ನ ಇತ್ತು. ಕಣ್ಣೀರು ಹಾಕಿದ್ರ ಅಪಶಕುನ ಅಂತ ಅತ್ತಿ ತಾಕೀತು ಮಾಡಿದ್ಲಂತ. ಅಳಾಕ ಜಾಗಾ ಇಲ್ಲಂತ ನನ್ನ ಹತ್ರ ಬರತಿದ್ಲು."

"ಮರುದಿನ?"

"ಮರುದಿನ ಎರಡು ಪಟ್ಟು ಅತ್ತೆ. ಆ ಊರಿನ ಕ್ಯಾಂಪು ಮುಗಿಯೂತನಕ ಇಪ್ಪತ್ತು ದಿನ ಅತ್ತೆ. ಆ ಚಾಪಿ ಮ್ಯಾಲ ಬ್ಯಾರೆ ಯಾರ್ಯಾರೋ ಕುಂತ್ರು. ಅಕಿ ಬರಲಿಲ್ಲ."

ಕಲ್ಲವ್ವ ಮೂಗು ಒರೆಸಿಕೊಂಡಳು. "ಇಷ್ಟು ವರ್ಷ ಹೇಳಲಿಲ್ಲಲ್ಲ ಅಣ್ಣಾ ನೀನು," ಅಂದಳು.

"ಏನಂತ ಹೇಳ್ಲಿ? ಅವತ್ತೊಂದು ದಿನ ನಾ ಖರೇ ಇದ್ದೆ. ಅಕಿ ಅಳು ಅಕಿ ಗಂಟಲದಾಗ ಉಳೀತು."

ಇಂದೂಧರ ಮೆಟ್ಟಿಲ ಮೇಲೆ ಕೂತೇ ಇದ್ದ. ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಅವನಿಗೆ ಒಂದು ಮಾತು ಇನ್ನೂ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಕೇಳದೆ ಎದ್ದರೆ ಬಂದದ್ದೇ ದಂಡ.

"ಎಲ್ಲಾ ಒಪ್ಪಿದೆ ಮಾಸ್ತರ. ಆದ್ರ ಅದು ನನ್ನವ್ವನ ಸಾವು. ಅಕಿ ಹೆಸರೀಲೆ ಹುಟ್ಟಿದ ಅಳು. ಅದನ್ನ ಕಂಡಕಂಡವರಿಗೆ ದಿನಾ ತಗದು ಕೊಡೋದು ಸರೀನ್ರಿ?"

"ನಿನ್ನವ್ವನ್ನ ನಾ ಬಲ್ಲೆ," ಅಂದರು ಮಾಸ್ತರರು. "ನೀ ಇಲ್ಲಿದ್ದಾಗ ತಿಂಗಳಿಗೊಮ್ಮೆ ರೊಟ್ಟಿ ಗಂಟು ಹೊತ್ತುಕೊಂಡು ಬರತಿದ್ಲು. ನಿನಗಂತ ತಂದದ್ದು. ಬಂದ ಕೂಡ್ಲೆ ಗಂಟು ಬಿಚ್ಚಿ ಎಲ್ಲಾರಿಗೂ ಹಂಚತಿದ್ಲು. ಆಚೆ ದಂಡಿ ಹರಗೋಲಿನವನನ್ನೂ ಕರದು ಕೊಡತಿದ್ಲು. ನಿನಗ ಒಂದು ಉಳಿದ್ರ ಉಳೀತು. ಹೌದಲ್ಲೊ?"

"ಹೌದ್ರಿ."

"ಅಕಿ ನಿನ್ನ ಕೇಳಿ ಹಂಚತಿದ್ಲೇನು?"

ಇಂದೂಧರನಿಗೆ ಅಳು ಬಂತು. ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಬರುವ ಅಳಲ್ಲ. ಮುಖ ಸೊಟ್ಟಗಾಯಿತು, ಮೂಗು ಸೋರಿತು, ಗಂಟಲಿಂದ ಎಂಥದೋ ಗೊರಗೊರ ಸದ್ದು ಹೊರಟಿತು. ಐರಿನ್ ರೆಕಾರ್ಡ್ ಮಾಡಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತ, ಅತ್ತ, ಮೂರು ವರ್ಷದ್ದನ್ನು ಒಂದೇ ಸಲ ಅತ್ತ. ಕಲ್ಲವ್ವ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಮಾಸ್ತರರು ಅವನು ಅಳುವುದನ್ನು ಕಡೆತನಕ ನೋಡಿದರು.

"ಇದನ್ನ ಮಾತ್ರ ಕ್ಲಬ್ಬಿನ್ಯಾಗ ಮಾಡಬ್ಯಾಡಪಾ," ಅಂದರು. "ಊಟ ಮಾಡೋರು ಎದ್ದು ಹೋಗ್ತಾರ."

ಇಂದೂಧರನಿಗೆ ಅಳುವಿನ ನಡುವೆಯೇ ನಗು ಬಂತು. ಕಲ್ಲವ್ವ ತನ್ನ ಸೆರಗನ್ನೇ ಮುಂದೆ ಚಾಚಿದಳು. ಅವನು ಅದರಲ್ಲೇ ಮುಖ ಒರೆಸಿಕೊಂಡ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಐರಿನ್. ಇಂದೂಧರ ಫೋನನ್ನು ಕೈಯಲ್ಲಿ ಹಿಡಿದು ಗುರುವಿನ ಮುಖ ನೋಡಿದ. ಅದು ಬಡಿದುಕೊಳ್ಳುತ್ತಲೇ ಇತ್ತು.

"ಏನಂತ ಹೇಳ್ಲಿ ಮಾಸ್ತರ?"

"ಶನಿವಾರ ಎಷ್ಟಕ್ಕ ನಿಂದು?"

"ಎಂಟಕ್ರಿ."

ಮಾಸ್ತರರು ಉಗುರುಕಟ್ಟರನ್ನು ಎತ್ತಿಕೊಂಡು, ಉಳಿದಿದ್ದ ಕಿರುಬೆರಳಿನ ಕಡೆ ಬಗ್ಗಿದರು.

"ಆ ಊರಾಗ ಯಾವಾಕೋ ಒಬ್ಬಾಕಿ ಶನಿವಾರಕ್ಕಂತ ಈಗಾಗಲೇ ಸೀರಿ ಇಸ್ತ್ರಿಗೆ ಕೊಟ್ಟಿರ್ತಾಳ. ಫೋನ್ ಎತ್ತು, ಹೊತ್ತು ಮಾಡಬ್ಯಾಡ."